ಮನೆಯ ನಳ, ಅಂಗಡಿಯ ದೀಪ ಮತ್ತು ಅನರ್ಥದಂಡ ವ್ರತ

ಪ್ರತಿ ವರ್ಷ ಜೂನ್ 5ರಂದು ವಿಶ್ವ ಪರಿಸರ ದಿನದ ಸಭೆಗಳು ನಡೆಯುತ್ತವೆ. ಒಂದು ಸಸಿ ನೆಟ್ಟು, ಭಾಷಣ ಕೇಳಿ, ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದು ಎಲ್ಲರೂ ಮನೆಗೆ ತೆರಳುತ್ತಾರೆ. ಸಸಿಗೆ ಮರುದಿನ ನೀರು ಹಾಕುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಪರಿಸರ ರಕ್ಷಣೆ ಎಂದರೆ ಸರಕಾರದ ಕೆಲಸ, ದೊಡ್ಡ ದೊಡ್ಡ ಸಂಸ್ಥೆಗಳ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಶ್ರಾವಕ-ಶ್ರಾವಿಕೆಯರ ನಿತ್ಯದ ಆಚಾರದಲ್ಲೇ ಈ ರಕ್ಷಣೆ ಅಡಗಿದೆ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದೇವೆ?

ಗಡಿಭಾಗದಲ್ಲಿ ನೆಲೆಸಿದ ನಮಗಂತೂ ಇದು ಬರೀ ಪುಸ್ತಕದ ಮಾತಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಮಿರಜ ನಿಲ್ದಾಣದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಮೊದಲ ಗಾಡಿಯ 10 ವ್ಯಾಗನ್‌ಗಳಲ್ಲಿ ಇದ್ದದ್ದು ಸುಮಾರು 5 ಲಕ್ಷ ಲೀಟರ್. ನೀರು ಸಿಗದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಜತ್ತ ತಾಲೂಕಿನ ಗಡಿ ಹಳ್ಳಿಗಳ ಜನ ಹೇಳಿದ್ದೂ ಬರಗಾಲದ ಸಂಕಟದಲ್ಲೇ. ಅತ್ತ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳ ಮನೆಮಠಗಳು ಕೊಚ್ಚಿಹೋದವು. ಒಂದು ಕಡೆ ಹನಿ ನೀರಿಗೆ ಹಾಹಾಕಾರ, ಇನ್ನೊಂದು ಕಡೆ ನೀರೇ ಕಾಲನಾಗಿ ಬಂದ ಕಥೆ. ಇಂಥ ಹೊತ್ತಿನಲ್ಲಿ ಒಂದು ಕುಟುಂಬ, ಒಂದು ಅಂಗಡಿ ಏನು ಮಾಡಬಹುದು?

ಆಚಾರ್ಯರು ಕೊಟ್ಟ ಅಳತೆಗೋಲು

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗೆ ಮೂರು ಗುಣವ್ರತಗಳನ್ನು ಹೇಳಿದ್ದಾರೆ: ದಿಗ್ವ್ರತ, ಅನರ್ಥದಂಡ ವ್ರತ ಮತ್ತು ಭೋಗೋಪಭೋಗ ಪರಿಮಾಣ ವ್ರತ. ಇವುಗಳಲ್ಲಿ ಅನರ್ಥದಂಡ ಎಂದರೆ ಪ್ರಯೋಜನವಿಲ್ಲದೆ ಮಾಡುವ ಪಾಪ. ಅದರಲ್ಲಿ ಐದು ಬಗೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ.

ಈ ಕೊನೆಯ ಪ್ರಮಾದಚರ್ಯೆಯ ವಿವರಣೆಯನ್ನು ಓದಿದರೆ ಅದು ಇಂದಿನ ನಮ್ಮ ಮನೆಗಳನ್ನು ನೋಡಿ ಬರೆದಂತಿದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಬಳ್ಳಿ ಕಡಿಯುವುದು, ಸುಮ್ಮನೆ ತಿರುಗಾಡುವುದು, ಬೇರೆಯವರನ್ನು ತಿರುಗಾಡಿಸುವುದು, ಇವೆಲ್ಲ ಪ್ರಮಾದಚರ್ಯೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದೂ ಏಕೇಂದ್ರಿಯ ಕಾಯಗಳು ಇಲ್ಲಿ ಬಂದಿವೆ.

ಗೃಹಸ್ಥನಿಗೆ ಇವುಗಳ ಬಳಕೆಯನ್ನು ಪೂರ್ತಿ ಬಿಡಲಾಗದು. ಅಡಿಗೆಗೆ ಬೆಂಕಿ ಬೇಕು, ಸ್ನಾನಕ್ಕೆ ನೀರು ಬೇಕು. ಅದಕ್ಕಾಗಿ ಆಚಾರ್ಯರು ಅಸಾಧ್ಯವಾದುದನ್ನು ಕೇಳಲಿಲ್ಲ. ಬೇಕಿಲ್ಲದೆ ಮಾಡುವುದನ್ನು ಮಾತ್ರ ಬಿಡಿರಿ ಎಂದರು. ಯಾವ ವಸ್ತುವನ್ನು ಕೈಗೆತ್ತಿಕೊಂಡರೂ "ಇದು ಬೇಕೇ? ಇಷ್ಟು ಬೇಕೇ?" ಎಂದು ಕೇಳಿಕೊಂಡರೆ ಸಾಕು, ಪರಿಸರ ರಕ್ಷಣೆಯ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ನೀರು

ನೀರನ್ನು ಸೋಸಿ ಕುಡಿಯುವುದು ನಮ್ಮ ಕುಲಾಚಾರ. ಹಿಂದೆ ಬಾವಿಯಿಂದ ಸೇದಿದ ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿ ಬಿಡುತ್ತಿದ್ದರು. ಬಾವಿಯ ಜೀವ ಬಾವಿಗೇ ಸೇರಬೇಕೆಂಬ ಕಾಳಜಿ ಅದು. ಹೀಗೆ ಶ್ರಮಪಟ್ಟು ಸೋಸಿದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ಈಗ ನಳ ತಿರುಗಿಸಿದರೆ ನೀರು ಬರುತ್ತದೆ, ಬೆಲೆ ಮರೆತುಹೋಗಿದೆ.

ಮನೆಯ ಸೋರುವ ನಳದ ಕೆಳಗೆ ಒಂದು ಲೋಟ ಇಟ್ಟು ಹತ್ತು ನಿಮಿಷ ಬಿಟ್ಟು ನೋಡಿರಿ. 50 ಮಿಲಿಲೀಟರ್ ತುಂಬಿದರೆ ದಿನಕ್ಕೆ 7 ಲೀಟರಿಗೂ ಮೇಲೆ, ವರ್ಷಕ್ಕೆ 2,600 ಲೀಟರಿಗೂ ಮೇಲೆ ಸೋರಿಹೋಗುತ್ತದೆ. ಅದನ್ನು ನಿಲ್ಲಿಸಲು ಬೇಕಾದದ್ದು ಕೆಲವೇ ರೂಪಾಯಿಯ ಒಂದು ವಾಶರ್. ಅನೇಕ ಮನೆಗಳಲ್ಲಿ ಈಗ ಆರ್‌ಓ ಯಂತ್ರ ಬಂದಿದೆ. ಒಂದು ಲೀಟರ್ ಶುದ್ಧ ನೀರು ಕೊಡಲು ಅದು ಸಾಮಾನ್ಯವಾಗಿ ಎರಡು-ಮೂರು ಲೀಟರ್ ನೀರನ್ನು ಹೊರಗೆ ಬಿಡುತ್ತದೆ. ಆ ಕೊಳವೆಯ ಕೆಳಗೆ ಒಂದು ಬಕೆಟ್ ಇಟ್ಟರೆ ನೆಲ ಒರೆಸಲು, ಪಾಯಖಾನೆಗೆ ಸಾಕಾಗುತ್ತದೆ.

ಮಳೆ ನೀರಿನ ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೂ 46 ಸಾವಿರ ಲೀಟರ್ ನಮ್ಮ ತಲೆಯ ಮೇಲೆ ಬೀಳುತ್ತದೆ. ಅರ್ಧದಷ್ಟನ್ನು ತೊಟ್ಟಿಗೋ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೋ ಇಳಿಸಿದರೂ ಬೇಸಿಗೆಯ ಟ್ಯಾಂಕರ್ ಖರ್ಚು ಕಡಿಮೆಯಾಗುತ್ತದೆ.

ಬೆಂಕಿ ಮತ್ತು ಗಾಳಿ

ವಿದ್ಯುತ್ ದೀಪದಲ್ಲಿ ನಮಗೆ ಬೆಂಕಿ ಕಾಣುವುದಿಲ್ಲ. ಆದರೆ ಆ ಬೆಂಕಿ ಬೇರೆ ಕಡೆ ಉರಿಯುತ್ತಿರುತ್ತದೆ. ಸೋಲಾಪುರದ ಹತ್ತಿರವೇ 1,320 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಕ್ಕಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಯಾರೂ ಇಲ್ಲದ ಕೋಣೆಯಲ್ಲಿ 75 ವ್ಯಾಟಿನ ಒಂದು ಫ್ಯಾನು ದಿನಕ್ಕೆ ಎರಡು ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 55 ಯೂನಿಟ್. ಅದಕ್ಕಾಗಿ ಸುಟ್ಟದ್ದು ಮೂವತ್ತು ಕಿಲೋ ಮೀರಿದ ಕಲ್ಲಿದ್ದಲು, ಬೀಸಿದ ಗಾಳಿ ಯಾರಿಗೂ ತಾಗಲಿಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

60 ವ್ಯಾಟಿನ ಹಳೆಯ ಬಲ್ಬು ಕೊಡುವ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ಹಳೆಯ ಫ್ಯಾನು ಕೆಟ್ಟಾಗ 30 ವ್ಯಾಟಿನ ಸುಮಾರಿಗೆ ನಡೆಯುವ ಬಿಎಲ್‌ಡಿಸಿ ಫ್ಯಾನು ಕೊಂಡರೆ ಬಿಲ್ಲೂ ಇಳಿಯುತ್ತದೆ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಮ್ಮ ನಿಯಮವನ್ನು ಪಾಲಿಸುವ ಮನೆಯಲ್ಲಿ ಅಡಿಗೆಮನೆಯ ದೀಪವೂ ಬೇಗ ಆರುತ್ತದೆ.

ದೀಪಾವಳಿ ನಮಗೆ ಮಹಾವೀರ ಸ್ವಾಮಿಯ ನಿರ್ವಾಣದ ದಿನ. ಅಂದು ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದು, ಸಂಜೆ ಪಟಾಕಿ ಸುಟ್ಟು ಹುಳ-ಹಕ್ಕಿಗಳನ್ನು ಬೆದರಿಸುವುದು ಎಷ್ಟು ಸರಿ? ಮಕ್ಕಳಿಗೆ ಬೈಯುವುದರ ಬದಲು ಕಾರಣ ತಿಳಿಸಿ ಹೇಳಿದರೆ ಅವರೇ ಬಿಡುತ್ತಾರೆ.

ಭೋಗ ಯಾವುದು, ಉಪಭೋಗ ಯಾವುದು?

ಒಮ್ಮೆ ಬಳಸಿ ಬಿಡುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂದು ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ಅನ್ನ ಭೋಗ, ಬಟ್ಟೆ ಉಪಭೋಗ. ಈ ಕಾಲದ ರೋಗವೆಂದರೆ ಉಪಭೋಗದ ವಸ್ತುಗಳನ್ನೆಲ್ಲ ಭೋಗದ ವಸ್ತುಗಳನ್ನಾಗಿ ಮಾಡಿದ್ದು. ಹತ್ತಾರು ವರ್ಷ ಬಾಳುವ ಸ್ಟೀಲಿನ ಲೋಟದ ಜಾಗಕ್ಕೆ ಹತ್ತು ನಿಮಿಷದ ಕಾಗದದ ಕಪ್ಪು ಬಂದಿದೆ. ಅದರ ಒಳಗೂ ತೆಳುವಾದ ಪ್ಲಾಸ್ಟಿಕ್ ಲೇಪನ ಇರುತ್ತದೆ. ದಿನಕ್ಕೆ 30 ಕಪ್ಪು ಚಹಾ ತರಿಸುವ ಅಂಗಡಿಯಿಂದ 300 ದಿನಗಳಲ್ಲಿ 9,000 ಕಪ್ಪುಗಳು ರಸ್ತೆಗೆ ಬೀಳುತ್ತವೆ. ಅರ್ಧ ಡಜನ್ ಗಾಜಿನ ಲೋಟ ಈ ರಾಶಿಯನ್ನೆಲ್ಲ ತಪ್ಪಿಸುತ್ತದೆ.

ಅಡಿಗೆಮನೆಯ ಸಿಪ್ಪೆ, ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುವ ಅಭ್ಯಾಸವಂತೂ ಇನ್ನೂ ಘೋರ. ದನಕ್ಕೆ ಗಂಟು ಬಿಚ್ಚಲು ಬಾರದು. ಅದು ಚೀಲದ ಸಮೇತ ನುಂಗುತ್ತದೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಕೂತು ಮೇವು ಸೇರದೆ ನರಳಿ ಸಾಯುತ್ತದೆ. ಇರುವೆಯನ್ನೂ ತುಳಿಯದೆ ನಡೆಯುವ ನಾವು ಪಂಚೇಂದ್ರಿಯ ಜೀವಿಯ ಸಾವಿಗೆ ಹೀಗೆ ಕಾರಣರಾಗಬಾರದು.

ಸಿಪ್ಪೆಯನ್ನು ಗೊಬ್ಬರ ಮಾಡಿರಿ ಎಂದರೆ ಅದರಲ್ಲಿ ಹುಳ ಹುಟ್ಟುವುದೆಂದು ನಮ್ಮ ಶ್ರಾವಿಕೆಯರು ಹಿಂಜರಿಯುತ್ತಾರೆ. ಈ ಶಂಕೆ ನ್ಯಾಯವಾದದ್ದೇ. ಆದರೆ ರಸ್ತೆಯ ತೊಟ್ಟಿಯಲ್ಲಿ ಕೊಳೆತರೂ ಹುಳ ಹುಟ್ಟುವುದು ತಪ್ಪುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಇದಕ್ಕೆ ಮೊದಲ ಪರಿಹಾರ, ಬೇಕಾದಷ್ಟೇ ಹೆಚ್ಚಿ ಬೇಕಾದಷ್ಟೇ ಬೇಯಿಸುವುದು. ಎರಡನೆಯದು, ಸಿಪ್ಪೆಯನ್ನು ಕೊಳೆಯುವ ಮೊದಲು ಅಂದಂದೇ ಬುಟ್ಟಿಯಲ್ಲಿ ದನಕ್ಕೋ ಗೋಶಾಲೆಗೋ ಮುಟ್ಟಿಸುವುದು. ಅದೂ ಆಗದಿದ್ದರೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು.

ಮದುವೆ, ಪೂಜೆ, ಪಂಚಕಲ್ಯಾಣದ ಪಂಕ್ತಿಗಳಲ್ಲಿ 500 ಜನ ತಲಾ 50 ಗ್ರಾಂ ಎಂಜಲು ಬಿಟ್ಟರೆ 25 ಕಿಲೋ ಅನ್ನ ಮಣ್ಣುಪಾಲು. ನಮ್ಮ ಹಿರಿಯರಲ್ಲಿ ಕೆಲವರು ಊಟದ ನಂತರ ತಾಟು ತೊಳೆದ ನೀರನ್ನೂ ಕುಡಿಯುವುದನ್ನು ಕಂಡಿದ್ದೇವೆ. ಅಷ್ಟಲ್ಲದಿದ್ದರೂ ಎಲೆಯಲ್ಲಿ ಏನೂ ಬಿಡದಿರುವುದು ಎಲ್ಲರಿಗೂ ಸಾಧ್ಯ. ಥರ್ಮಾಕೋಲ್ ತಟ್ಟೆಗಿಂತ ಮುತ್ತುಗದ ಪತ್ರಾವಳಿ, ಬಾಳೆಲೆ, ಅಡಿಕೆ ಹಾಳೆಯ ತಟ್ಟೆ ಎಷ್ಟೋ ಮೇಲು. ಸಮಾಜದ ಮಂಗಲ ಕಾರ್ಯಾಲಯದಲ್ಲಿ ಸ್ಟೀಲಿನ ತಾಟು-ಲೋಟಗಳ ಒಂದು ಭಂಡಾರವಿದ್ದರೆ ಅದೇ ದೊಡ್ಡ ದಾನ.

ವ್ಯಾಪಾರದಲ್ಲಿ

ಶ್ರಾವಕರು ದೂರವಿಡಬೇಕಾದ ಹದಿನೈದು ಬಗೆಯ ಉದ್ಯೋಗಗಳನ್ನು ನಮ್ಮ ಶಾಸ್ತ್ರಗಳು ಎಣಿಸಿವೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ಕಾಡಿಗೆ ಬೆಂಕಿ ಇಡುವುದು, ಕೆರೆ ಬತ್ತಿಸುವುದು, ವಿಷದ ವ್ಯಾಪಾರ, ದಂತದ ವ್ಯಾಪಾರ ಇವೆಲ್ಲ ಆ ಪಟ್ಟಿಯಲ್ಲಿವೆ. ಲಾಭ ಬರುವ ದಾರಿಯನ್ನೂ ಧರ್ಮ ನೋಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ವಿಷದ ವ್ಯಾಪಾರ ಏನು ಮಾಡಬಲ್ಲದು ಎಂಬುದನ್ನು ಕಾಸರಗೋಡಿನ ಬಂಧುಗಳಿಗೆ ಹೇಳಬೇಕಾಗಿಲ್ಲ. ಅಲ್ಲಿಯ ಗೇರು ತೋಟಗಳ ಮೇಲೆ 2000ದ ವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳ ಮಕ್ಕಳು ಅದರ ನೋವನ್ನು ಇನ್ನೂ ಹೊತ್ತಿದ್ದಾರೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ 13ರಂದು. ಕೀಟನಾಶಕ, ಬೀಜ-ಗೊಬ್ಬರ ಮಾರುವ ಬಂಧುಗಳು ಕೊನೆಯ ಪಕ್ಷ ರೈತನಿಗೆ ಅಳತೆ ಮೀರಿ ಹಾಕಬೇಡವೆಂದು ತಿಳಿಸಿ ಹೇಳಬೇಕು.

ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಯವರಿಗೆ ಚೀಲದ ಪ್ರಶ್ನೆ ದಿನವೂ ಎದುರಾಗುತ್ತದೆ. ಮಹಾರಾಷ್ಟ್ರ 2018ರಲ್ಲಿ, ತಮಿಳುನಾಡು 2019ರಲ್ಲಿ, ಕೇರಳ 2020ರಲ್ಲಿ ಪ್ಲಾಸ್ಟಿಕ್ ನಿರ್ಬಂಧ ತಂದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಕಪ್ಪು, ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್, ಮಿಠಾಯಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆ ಇವೆಲ್ಲ ದೇಶದಾದ್ಯಂತ ನಿಷಿದ್ಧ. ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲಕ್ಕೂ ಅವಕಾಶವಿಲ್ಲ. ದಂಡಕ್ಕೆ ಅಂಜಿ ಪಾಲಿಸುವುದು ಬೇರೆ, ವ್ರತವೆಂದು ಪಾಲಿಸುವುದು ಬೇರೆ. "ಪಿಶವಿ ತಂದೀರೇನು?" ಎಂದು ಗಲ್ಲಾದ ಮೇಲೆ ಕೂತವರೇ ನಗುತ್ತ ಕೇಳಿದರೆ ಗಿರಾಕಿ ಬೇಸರ ಪಡುವುದಿಲ್ಲ. ಅಂಗಡಿಯ ಹೆಸರು ಅಚ್ಚು ಹಾಕಿದ ಬಟ್ಟೆಯ ಪಿಶವಿ ವರ್ಷಗಟ್ಟಲೆ ಪೇಟೆಯಲ್ಲಿ ಓಡಾಡಿದರೆ ಪ್ರಚಾರವೂ ಆಯಿತು.

ನಮ್ಮೊಬ್ಬರಿಂದ ಏನಾದೀತು?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾರಖಾನೆಗಳು ನದಿಗೆ ವಿಷ ಬಿಡುವಾಗ ನಾವು ಒಂದು ನಳ ಮುಚ್ಚಿದರೆ ಏನಾದೀತು? ವ್ಯಾಪಾರಿಗಳಾದ ನಮಗೆ ಇದರ ಉತ್ತರ ಗೊತ್ತು. ಚಿಲ್ಲರೆಯನ್ನು ಅಲಕ್ಷಿಸಿದ ಅಂಗಡಿ ಉಳಿದ ಉದಾಹರಣೆ ಇಲ್ಲ. ಕೀರ್ದಿಯಲ್ಲಿ ನಾಲ್ಕಾಣೆಯ ಖರ್ಚನ್ನೂ ಬರೆದಿಟ್ಟ ಹಿರಿಯರಿಂದಲೇ ಈ ವ್ಯಾಪಾರಗಳು ಬೆಳೆದವು. ಕರ್ಮದ ಖಾತೆಯೂ ಹಾಗೆಯೇ. ಪಕ್ಕದವನ ಖಾತೆಯಲ್ಲಿ ಎಷ್ಟು ಬಾಕಿ ಇದೆಯೆಂದು ನೋಡಿ ನಮ್ಮ ಬಾಕಿ ತೀರುವುದಿಲ್ಲ. ಜೀವಗಳು ಒಂದಕ್ಕೊಂದು ಉಪಕರಿಸುತ್ತ ಬಾಳುತ್ತವೆಂಬ ತತ್ತ್ವಾರ್ಥಸೂತ್ರದ ಮಾತು ನಮ್ಮ ಜೈನ ಲಾಂಛನದ ಅಡಿಯಲ್ಲೇ ಇದೆ. ಮದುವೆಯ ಪತ್ರಿಕೆಯ ಮೇಲೆ ಅದನ್ನು ಅಚ್ಚು ಹಾಕಿಸುವ ನಾವು ಮದುವೆಯ ಪಂಕ್ತಿಯಲ್ಲೂ ಅದನ್ನು ನೆನೆಯಬೇಕು.

ಕಾಲಮಿತಿ ಇಟ್ಟು ಹಿಡಿಯುವುದು ನಿಯಮ, ಬದುಕಿರುವವರೆಗೆ ಹಿಡಿಯುವುದು ಯಮ. ಜೀವನಪರ್ಯಂತ ಎಂದರೆ ಭಯವಾಗುತ್ತದೆ. ಆದ್ದರಿಂದ ಬರುವ ದಶಲಕ್ಷಣ ಪರ್ವದ ಹತ್ತು ದಿನಗಳಿಗಾದರೂ ಮನೆಮಂದಿಯೆಲ್ಲ ಕೂಡಿ ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಿರಿ:

1. ಕೋಣೆ ಬಿಡುವಾಗ ದೀಪ, ಫ್ಯಾನು ಆರಿಸುವುದು.
2. ಒಂದೇ ಬಕೆಟ್ ನೀರಿನಲ್ಲಿ ಸ್ನಾನ.
3. ತಾಟಿನಲ್ಲಿ ಎಂಜಲು ಬಿಡದಿರುವುದು.
4. ಪಿಶವಿ ಇಲ್ಲದೆ ಪೇಟೆಗೆ ಹೋಗದಿರುವುದು.
5. ಬಸದಿಗೂ ಹತ್ತಿರದ ಅಂಗಡಿಗೂ ಗಾಡಿ ಬಿಟ್ಟು ನಡೆದು ಹೋಗುವುದು.
6. ಪ್ರಭಾವನೆಯ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಂಚದಿರುವುದು.

ಹನ್ನೊಂದನೆಯ ದಿನ ನಿಯಮ ಮುಗಿದಾಗ ಅದನ್ನು ಬಿಡಬೇಕೋ, ಮುಂದಿನ ಚಾತುರ್ಮಾಸದವರೆಗೆ ಮುಂದುವರಿಸಬೇಕೋ ಎಂದು ಮನೆಯವರೇ ಕೂತು ನಿರ್ಧರಿಸಲಿ. ಮಕ್ಕಳ ಅಭಿಪ್ರಾಯವನ್ನು ಮೊದಲು ಕೇಳಿರಿ. ಈ ನೀರು, ಈ ಗಾಳಿ ನಮಗಿಂತ ಹೆಚ್ಚು ವರ್ಷ ಬೇಕಾಗಿರುವುದು ಅವರಿಗೆ.