ಎರಡು ದಿನದಿಂದ ಜ್ವರ

ಇಂಗ್ಲಿಷಿನ ರಜಾ ಅರ್ಜಿಯನ್ನು ಬಾಯಿಪಾಠ ಮಾಡಿ ಬರೆದವರೇ ನಮ್ಮಲ್ಲಿ ಹೆಚ್ಚು. ಅದರ ಜೀವಾಳವೆಂದರೆ ಈ ಸಾಲು: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟು ಡೇಸ್.’ ನನಗಂತೂ ಇದೇ ಸಾಲಿನ ಮೇಲೆ ಎಷ್ಟೋ ಸಲ ರಜೆ ಸಿಕ್ಕಿದೆ. ಆದರೆ ಅದರಲ್ಲಿ ಎರಡು ತಪ್ಪುಗಳಿವೆ, ಎರಡೂ ನಮ್ಮ ಕನ್ನಡದ ಕೊಡುಗೆ.

ನಮ್ಮ ‘ಇಂದ’ ಪ್ರತ್ಯಯ ಎಲ್ಲ ಕೆಲಸಕ್ಕೂ ಸೈ. ಚಾಕುವಿನಿಂದ ಹೆಚ್ಚುತ್ತೇವೆ, ಮೈಸೂರಿನಿಂದ ಬರುತ್ತೇವೆ, ಚಳಿಯಿಂದ ನಡುಗುತ್ತೇವೆ. ಕಾಲದ ಲೆಕ್ಕಕ್ಕೂ ಅದೇ: ‘ಸೋಮವಾರದಿಂದ ಜ್ವರ’, ‘ಎರಡು ದಿನದಿಂದ ಜ್ವರ’. ಇಂಗ್ಲಿಷ್ ಇಲ್ಲಿ ಪಾಲು ಮಾಡಿಬಿಟ್ಟಿದೆ. ಯಾವಾಗ ಶುರುವಾಯಿತು ಎನ್ನುವುದಕ್ಕೆ ‘ಸಿನ್ಸ್’, ಎಷ್ಟು ಕಾಲ ನಡೆದಿದೆ ಎನ್ನುವುದಕ್ಕೆ ‘ಫಾರ್’. ಸಿನ್ಸ್ ಮಂಡೇ, ಫಾರ್ ಟು ಡೇಸ್. ಇದರಲ್ಲಿ ಎಡವುವವರು ನಾವಷ್ಟೇ ಅಲ್ಲ. ಹಿಂದಿಯ ‘ಸೇ’, ಜರ್ಮನ್ನಿನ ‘ಝೈಟ್’ ಕೂಡ ಎರಡೂ ಕೆಲಸ ಮಾಡುತ್ತವೆ. ಆ ಭಾಷೆಯವರಿಗೂ ಇದೇ ಪಾಡು.

ಗೋಡೆಯ ಕ್ಯಾಲೆಂಡರ್ ಮುಂದೆ ನಿಂತುಕೊಳ್ಳಿ. ಶುರುವಾದ ಕಡೆ ಬೆರಳಿಟ್ಟು ‘ಇಲ್ಲಿಂದ’ ಎನ್ನಬಹುದಾದರೆ ಸಿನ್ಸ್: ಸೋಮವಾರ, 2019, ಯುಗಾದಿ, ಬೆಳಿಗ್ಗೆ. ಮನೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಬೇಕಾದರೆ ಫಾರ್: ಮೂರು ದಿನ, ಆರು ತಿಂಗಳು. ಕ್ಯಾಲೆಂಡರ್ ಇಲ್ಲದಿದ್ದರೂ ಚಿಂತೆಯಿಲ್ಲ, ಕನ್ನಡದ ಪ್ರಶ್ನೆಗಳೇ ಸಾಕು. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್, ‘ಎಷ್ಟು ದಿನದಿಂದ?’ ಎಂಬುದಕ್ಕಾದರೆ ಫಾರ್. ಉತ್ತರದಲ್ಲಿ ಕಾಣದ ಭೇದ ನಮ್ಮ ಪ್ರಶ್ನೆಯಲ್ಲಿ ಮೊದಲಿನಿಂದಲೂ ಇದೆ.

ಆಫೀಸಿನ ಮೇಲ್‌ಗಳಲ್ಲಿ ಮಾತ್ರ ಓದಿದವರೂ ಜಾರುತ್ತಾರೆ: ‘ಸಿನ್ಸ್ ಲಾಸ್ಟ್ ಟು ಇಯರ್ಸ್.’ ‘ಲಾಸ್ಟ್’ ಸೇರಿದ ಕೂಡಲೇ ಅದು ತಾರೀಖಿನ ವೇಷ ಹಾಕಿಬಿಡುತ್ತದೆ. ಎರಡು ವರ್ಷ ಎಂಬುದು ಆಗಲೂ ಅಳತೆಯೇ; ‘ಫಾರ್ ದ ಲಾಸ್ಟ್ ಟು ಇಯರ್ಸ್’ ಎನ್ನಬೇಕು. ‘ಸಿನ್ಸ್ ಲಾಸ್ಟ್ ಮಂಡೇ’ ಸರಿ, ಏಕೆಂದರೆ ಅಲ್ಲಿ ಬೆರಳಿಡಲು ಒಂದು ದಿನವಿದೆ. ಇನ್ನು ‘ಸಿನ್ಸ್ ಫ್ರಮ್ 2015’ ಎಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ.

ಎರಡನೇ ತಪ್ಪು ಕ್ರಿಯಾಪದದ್ದು. ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ’ ಎಂದು ನಾವು ವರ್ತಮಾನಕಾಲದಲ್ಲೇ ಹೇಳುತ್ತೇವೆ. ಹಾಗಾಗಿ ‘ಆ್ಯಮ್ ವರ್ಕಿಂಗ್’ ಎಂಬುದೇ ಮೊದಲು ನಾಲಿಗೆಗೆ ಬರುತ್ತದೆ. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’ ಸಂದರ್ಶನಕ್ಕೆ ಹೋಗುವವರು ಇದನ್ನು ಗಟ್ಟಿಮಾಡಿಕೊಳ್ಳಬೇಕು. ಈಗಿನ ಕಂಪನಿಯ ಬಗ್ಗೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದರೆ ಅಲ್ಲಿನ ಕೆಲಸ ಬಿಟ್ಟಾಗಿದೆ ಎಂದೇ ಎದುರಿನವರು ತಿಳಿಯುತ್ತಾರೆ. ಅರ್ಜಿಯ ಸಾಲೂ ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟು ಡೇಸ್’ ಎಂದಾದರೆ ನೇರವಾಗುತ್ತದೆ. ಅಂದಹಾಗೆ, ಆ ‘ಸಫರಿಂಗ್’ ಕೂಡ ಬೇಕಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ‘ಇಟ್ಸ್ ಟು ಇಯರ್ಸ್ ಸಿನ್ಸ್ ಐ ಸಾ ಯು’ ಎಂಬ ವಾಕ್ಯ ಕಂಡು ಗಾಬರಿಯಾಗಬೇಡಿ. ಎರಡು ವರ್ಷವೂ ಇದೆ, ಸಿನ್ಸ್ ಕೂಡ ಇದೆ, ಆದರೂ ಸರಿಯೇ. ಇಲ್ಲಿ ಸಿನ್ಸ್ ಅಂಟಿಕೊಂಡಿರುವುದು ವರ್ಷಕ್ಕಲ್ಲ, ನೋಡಿದ ಆ ಗಳಿಗೆಗೆ. ಕನ್ನಡದಲ್ಲಿ ಇದಕ್ಕೆ ‘ಇಂದ’ದ ಹಂಗೇ ಇಲ್ಲ: ‘ನಿನ್ನ ನೋಡಿ ಎರಡು ವರ್ಷ ಆಯ್ತಲ್ಲೋ!’