ಹಾರುವ ಮುಂಚೆ ಒಂದು ಲೆಕ್ಕ

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದಾಗ ನಾನು ಅಂಗನವಾಡಿಯಲ್ಲಿದ್ದೆ. ಅಂದಿನಿಂದ ನಮ್ಮ ಚಕ್ಕೋತ ತೋಟದ ಮೇಲೆ ವಿಮಾನಗಳು ಹಾರುತ್ತಲೇ ಇವೆ. ಬಿ.ಇ. ಮುಗಿದ ಮೇಲೆ ನನಗೂ ಹಾರುವ ಆಸೆ ಹುಟ್ಟಿತು.

ಏಜೆಂಟ್ ಒಬ್ಬರು, ‘ಎರಡು ಲಕ್ಷ ಕೊಡಿ, ಜರ್ಮನಿಯ ಪಿ.ಆರ್. ಗ್ಯಾರಂಟಿ’ ಎಂದರು. ಉಳಿದಿದ್ದ ಅರ್ಧ ಎಕರೆ ಮಾರಲು ಅಪ್ಪ ಸಿದ್ಧರಾದರು. ಆ ರಾತ್ರಿ ನಿದ್ದೆ ಬರಲಿಲ್ಲ. ಜರ್ಮನ್ ಸರ್ಕಾರದ ಜಾಲತಾಣವನ್ನೇ ತೆರೆದು ಓದಿದೆ.

2024ರ ಜೂನ್‌ನಲ್ಲಿ ಅಲ್ಲಿ ‘ಚಾನ್ಸನ್‌ಕಾರ್ಟೆ’ ಜಾರಿಗೆ ಬಂದಿದೆ. ಕೆಲಸ ಸಿಗದಿದ್ದರೂ ಹೋಗಿ ಒಂದು ವರ್ಷ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಅಂಕದ ದಾರಿಯಲ್ಲಿ ಹೋಗುವವರಿಗೆ ಭಾಷೆ, ಅನುಭವ, ವಯಸ್ಸು ಎಲ್ಲ ಸೇರಿ ಕನಿಷ್ಠ 6 ಅಂಕ ಬೇಕು. ಖರ್ಚಿಗೆ ತಿಂಗಳಿಗೆ 1,091 ಯೂರೊ ಇದೆಯೆಂದು ತೋರಿಸಬೇಕು. ಇದು 2025ರ ಲೆಕ್ಕ. ವರ್ಷಕ್ಕೆ 13 ಸಾವಿರ ಯೂರೊ ದಾಟುತ್ತದೆ! ಲೈಪ್‌ಜಿಗ್‌ನಂಥ ಊರಲ್ಲಿ ಬಾಡಿಗೆ ಮ್ಯೂನಿಕ್‌ಗಿಂತ ಎಷ್ಟೋ ಕಡಿಮೆ ಎಂಬುದಷ್ಟೇ ಸಮಾಧಾನ.

ಆದರೆ ಈ ಕಾರ್ಡ್ ಪಿ.ಆರ್. ಅಲ್ಲ. ಬ್ಲೂ ಕಾರ್ಡ್ ಸಿಗುವ ಕೆಲಸದಲ್ಲಿ 27 ತಿಂಗಳು, ಜರ್ಮನ್ ಬಿ1 ಮಟ್ಟ ಕಲಿತಿದ್ದರೆ 21 ತಿಂಗಳು ದುಡಿದ ಮೇಲಷ್ಟೇ ಕಾಯಂ ವಾಸದ ಮಾತು. ಹಾಗಿರುವಾಗ ಗ್ಯಾರಂಟಿ ಕೊಡಲು ಏಜೆಂಟ್ ಯಾರು?

‘ತೋಟ ಇರಲಿ ಅಪ್ಪಾ, ಮೊದಲು ಭಾಷೆ ಕಲೀತೀನಿ’ ಎಂದೆ. ಈಗ ಇಲ್ಲೇ ಕೆಲಸ ಮಾಡುತ್ತಾ ದುಡ್ಡು ಕೂಡಿಡುತ್ತಿದ್ದೇನೆ. ವಾರಾಂತ್ಯಕ್ಕೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಪಾಠ. ಬಸ್ಸಿನಲ್ಲಿ ಕ್ರಿಯಾಪದ ಉರುಹೊಡೆಯುತ್ತಾ ಊರಿಗೆ ಮರಳುತ್ತೇನೆ.

ಗೆಳೆಯರೇ, ಹೊರಡಿ, ತಪ್ಪಿಲ್ಲ. ಜಮೀನಿನ ಪತ್ರ ಕೈಗೆತ್ತಿಕೊಳ್ಳುವ ಮುಂಚೆ ನಿಯಮವನ್ನು ನೀವೇ ಓದಿ. ಹಾರಿದವನಿಗೂ ಒಂದು ದಿನ ಇಳಿಯಲು ನೆಲ ಬೇಕಲ್ಲವೇ?