ಚೆಂಡೆಯ ನಡೆಯಲ್ಲಿ ಕೊರಿಯಾದ ಕೊಳಲು

ತೃಪ್ಪೂಣಿತ್ತುರ ಪೂರ್ಣತ್ರಯೀಶ ದೇವಸ್ಥಾನದ ವೃಶ್ಚಿಕೋತ್ಸವಕ್ಕೆ ಹೋಗಿ ಪಂಚಾರಿ ಮೇಳ ಕೇಳಿದ ಕೊಚ್ಚಿ ಕನ್ನಡಿಗರಿಗೆ ಅದರ ನಡೆ ಗೊತ್ತೇ ಇದೆ. 96 ಅಕ್ಷರಕಾಲದಲ್ಲಿ ನಿಧಾನವಾಗಿ ಹೊರಟ ಚೆಂಡೆ 48, 24, 12 ಎಂದು ಅರ್ಧಕ್ಕರ್ಧ ಇಳಿಯುತ್ತಾ 6ಕ್ಕೆ ಬರುವಷ್ಟರಲ್ಲಿ ನೆರೆದವರ ಕೈಗಳೆಲ್ಲ ಮೇಲೆದ್ದಿರುತ್ತವೆ. ಇಂಥ ಏರುನಡೆಯನ್ನು ಒಂದೇ ಬಿದಿರಿನ ಕೊಳಲಿನಲ್ಲಿ ಕೇಳಬೇಕೆಂದರೆ ಕೊರಿಯಾದ 'ದೇಗುಮ್ ಸಾಂಜೊ' ಕೇಳಬೇಕು.

ಸಾಂಜೊ ಎಂದರೆ ಚದುರಿದ ಸ್ವರಗಳು. 19ನೇ ಶತಮಾನದ ಕೊನೆಯಲ್ಲಿ ತಂತಿವಾದ್ಯಕ್ಕಾಗಿ ಹುಟ್ಟಿದ ಈ ಪದ್ಧತಿಯನ್ನು ಕೊಳಲಿಗೆ ತಂದವರು ಜಿಂದೊ ದ್ವೀಪದ ಪಾಕ್ ಜೊಂಗ್ ಗಿ. ನಮ್ಮ ಹರಿಕಥೆಯನ್ನು ನೆನಪಿಸುವ 'ಪಾನ್ಸೊರಿ' ಎಂಬ ಕಥಾಗಾಯನದ ಅಳು, ನಡುಕ, ಎಳೆತಗಳನ್ನು ಅವರು ಬಿದಿರಿಗೆ ಕಲಿಸಿದರು. ಬೆಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ 'ಮಾಲಿ' ಟಿ.ಆರ್. ಮಹಾಲಿಂಗಂ (1926-1986) ಕೊಳಲನ್ನು ಹಾಡಿಸಿದ್ದನ್ನು ಕೇಳಿದ ಹಿರಿಯರಿಗೆ ಇದು ಹೊಸ ಮಾತೇನಲ್ಲ.

ದೇಗುಮ್ ಅಡ್ಡ ಹಿಡಿದು ನುಡಿಸುವ ಉದ್ದನೆಯ ಕೊಳಲು. ಬೆರಳಿಗೆ ಆರು ರಂಧ್ರ. ಊದುವ ರಂಧ್ರಕ್ಕೂ ಇವಕ್ಕೂ ನಡುವೆ ಇನ್ನೊಂದು ರಂಧ್ರವಿದ್ದು, ಅದಕ್ಕೆ ಜೊಂಡಿನ ಒಳಗಿನ ತೆಳು ಪೊರೆಯನ್ನು ಅಂಟಿಸುತ್ತಾರೆ. ಜೋರಾಗಿ ಊದಿದಾಗ ಪೊರೆ ಝೇಂಕರಿಸುತ್ತದೆ. ಇದಕ್ಕೆ ಬೇಕಾದ ಬಿದಿರೂ ವಿಚಿತ್ರವೇ: ಎರಡೂ ಬದಿ ತೋಡು ಬಿದ್ದು ವಕ್ರವಾಗಿ ಬೆಳೆದ, ಬೇರೆ ಕೆಲಸಕ್ಕೆ ಬಾರದ ಗಳ. ಜೊತೆಗೆ ಇಡಕ್ಕದಂತೆ ನಡು ಸಣ್ಣಗಿರುವ 'ಜಾಂಗು' ಎಂಬ ಮದ್ದಳೆ. ನಿಧಾನದ 'ಜಿನ್ಯಾಂಗ್'ನಿಂದ ಹೊರಟು ಚುರುಕಿನ 'ಜಾಜಿನ್ಮೊರಿ' ಮುಟ್ಟುವುದಕ್ಕೆ ಅರ್ಧ ಗಂಟೆಯೂ ಆದೀತು, ಇನ್ನೂ ಹೆಚ್ಚೂ ಆದೀತು. ಅಷ್ಟು ಹೊತ್ತೂ ಉಸಿರು ಒಬ್ಬರದೇ.

ಕೊರಿಯಾ ಸರ್ಕಾರ 1971ರಲ್ಲಿ ಈ ವಾದನವನ್ನು ರಕ್ಷಿತ ಪರಂಪರೆಯಾಗಿ ಘೋಷಿಸಿತು. ವಾದನ ಉಳಿಯಿತು, ಆದರೆ ಬೆಲೆಯನ್ನೂ ತೆತ್ತಿತು. ಮೊದಲು ಕಲಾವಿದರು ಆ ಹೊತ್ತಿಗೆ ತೋಚಿದ್ದನ್ನು ನುಡಿಸುತ್ತಿದ್ದರು. ಈಗ ಗುರುವಿನ ಪಾಠವನ್ನು ಸ್ವರ ತಪ್ಪದೆ ಒಪ್ಪಿಸುವುದೇ ರೂಢಿ. ತಿರುವನಂತಪುರದ ನವರಾತ್ರಿ ಮಂಟಪದಲ್ಲಿ ಕೂತು ಕೇಳಿದವರಿಗೆ ಇದರ ನಷ್ಟ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಅಲ್ಲಿ ಕೃತಿ ಸ್ವಾತಿ ತಿರುನಾಳರದು, ರಾಗ ಗೊತ್ತುಪಡಿಸಿದ್ದು. ಆದರೆ ಆಲಾಪನೆ ಆ ಸಂಜೆಯ ಗಾಯಕರದೇ.

ಕೊರಿಯಾದಲ್ಲೂ ಸೊ ಯೊಂಗ್ ಸೊಕ್, ವೊನ್ ಜಾಂಗ್ ಹ್ಯೊನ್ ಮುಂತಾದವರು ತಮ್ಮದೇ ಸಾಂಜೊ ಕಟ್ಟಿದರು. ಶಿಷ್ಯರು ಅದನ್ನೂ ಈಗ ಸ್ವರಲಿಪಿ ನೋಡಿ ಬಾಯಿಪಾಠ ಮಾಡುತ್ತಿದ್ದಾರೆ.